ತಮ್ಮನ್ನ

ನನ್ನ ಬಾಯಿ ಜೋರು ಎಂದು ಇಡೀ ಬೀದಿಗೆ ಗೊತ್ತು. ಹೊಲಿಗೆ ಅಂಗಡಿ ನಡೆಸುವವಳು ಮೆತ್ತಗಿದ್ದರೆ ಗಿರಾಕಿಗಳು ತಲೆ ಮೇಲೆ ಕೂರುತ್ತಾರೆ. ಅಪ್ಪ ಅಮ್ಮ ಹೋದಮೇಲೆ ತಮ್ಮ ಗುಂಡನನ್ನು ಸಾಕಿದ್ದೂ ಇದೇ ಬಾಯಿಯಿಂದ. ಅಂಗಡಿಯಲ್ಲಿ ನನ್ನ ಪಕ್ಕ ಕೂತು ಗುಂಡಿ ಹೊಲಿಯುತ್ತಿದ್ದವನು ಹೋದ ವರ್ಷ ಪೇಟೆಯ ಹಳೇ ಬೌದ್ಧ ದೇವಾಲಯ ಸೇರಿಕೊಂಡ. ಸನ್ಯಾಸಿಯಾಗುತ್ತಾನಂತೆ, ಸನ್ಯಾಸಿ! ನಾಲ್ಕು ದಿನಕ್ಕೆ ಬೇಜಾರಾಗಿ ಬರುತ್ತಾನೆ ಬಿಡು ಎಂದು ಹಟ ಹಿಡಿದು ಕೂತೆ. ಇವತ್ತು ಸಂಜೆಯೇ ದೀಕ್ಷೆ ಎಂದು ಪಕ್ಕದಂಗಡಿಯಾಕೆ ಹೇಳಿದಾಗ ಕತ್ತರಿ ಅಲ್ಲೇ ಬಿಸಾಡಿ ಓಡಿದೆ. ಕಿವಿ ಹಿಂಡಿ ಎಳೆದುಕೊಂಡು ಬರುವುದು ಎಂದೇ ಹೊರಟಿದ್ದು.

ಹೊರಗೆ ಬಸ್ಸುಗಳ ಹಾರ್ನು, ಮೊಬೈಲ್ ಅಂಗಡಿಗಳ ಗದ್ದಲ. ಅದರ ಮಧ್ಯೆ ನೂರಾರು ವರ್ಷ ಹಳೆಯ ಕಲ್ಲಿನ ಬಾಗಿಲು. ಬಿಸಿಲಿನಿಂದ ಒಳಗೆ ಕಾಲಿಟ್ಟವಳಿಗೆ ಕಣ್ಣೇ ಕಾಣಲಿಲ್ಲ. ಬುದ್ಧನ ಮುಂದೆ ಯಾರೋ ಬೋಳುತಲೆಯ, ಸಣಕಲು ಭಿಕ್ಷು ಬೆನ್ನು ಮಾಡಿ ನಿಂತು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಅಂಥ ಜಾಗದಲ್ಲಿ ನನ್ನ ಬಾಯಿಯೂ ಮೆತ್ತಗಾಯಿತು ನೋಡಿ. ಕೈ ಮುಗಿದೆ.

“ಸ್ವಾಮಿ, ತಮ್ಮನ್ನ ನೋಡೋಕೆ ಬಂದೆ.”

ನಾನು ಹೇಳಿದ್ದು ನನ್ನ ತಮ್ಮನನ್ನು ಅಂತ. ಅವರು ತಿರುಗಿದರು. ಅಯ್ಯೋ ದೇವರೇ, ನಮ್ಮ ಗುಂಡ! ಕೆನ್ನೆಯೆಲ್ಲ ಇಳಿದುಹೋಗಿತ್ತು, ಕಣ್ತುಂಬ ನೀರು.

“ಅಕ್ಕ, ನೀನು ನನಗೆ ಬಹುವಚನದಲ್ಲಿ ‘ತಮ್ಮನ್ನ’ ಅಂದ್ಯಾ? ಅದೂ ಕೈ ಮುಗಿದು! ಬೆಳಗ್ಗೆಯಿಂದ ಎಷ್ಟು ಒದ್ದಾಡ್ತಿದ್ದೆ ಗೊತ್ತಾ? ನೀನು ಬಂದು ‘ಲೋ ಗುಂಡ, ನಡಿಯೋ ಮನೆಗೆ’ ಅಂತ ಒಂದ್ಸಲ ಗದರಿದ್ರೆ ಸುಮ್ನೆ ಹಿಂದೆ ಬಂದುಬಿಡ್ತಿದ್ದೆ. ನೀನೇ ಒಪ್ಪಿದ ಮೇಲೆ ಇನ್ನೇನಕ್ಕ!”

ಒಪ್ಪಿದ್ದು ಯಾರೋ, ಕತ್ತೆ! ‘ಲೋ’ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಇಷ್ಟು ವರ್ಷ ನನ್ನೆದುರು ತಲೆ ತಗ್ಗಿಸಿಯೇ ನಿಂತವನು ಇವತ್ತು ನೆಟ್ಟಗೆ ನಿಂತು ನಗುತ್ತಿದ್ದ. ಆ ನಗುವಿನ ಮೇಲೆ ಹೇಗೆ ಗದರಲಿ? ಒಳಗಿನಿಂದ ಯಾರೋ ಕರೆದರು. ಅವನು ಕದಲದೆ ನನ್ನ ಮುಖವನ್ನೇ ನೋಡುತ್ತಿದ್ದ.

ಗದರಬೇಕಿತ್ತು. ಈಗಲೂ ಹೇಳುತ್ತೇನೆ, ಗದರಲೇಬೇಕಿತ್ತು.

“ಹೋಗಿ ಬನ್ನಿ, ಸ್ವಾಮಿ,” ಎಂದೆ.

ಹೋದರು.