ಚಾಡಿಕೋರನಿಗೆ ಸಿಕ್ಕ ವಾಸನೆ

ಅಮ್ಮನ ಸ್ವೆಟರಿನ ವಾಸನೆ ಕರಗುತ್ತಿದೆಯೋ, ತನ್ನ ಮೂಗೇ ಮಂದವಾಯಿತೋ? ಬಸ್ಸಿನಲ್ಲಿ ತೋಳಿನ ಅಂಚನ್ನು ಮೂಗಿಗೆ ಒತ್ತಿಕೊಂಡು ಅವಳು ತನ್ನನ್ನೇ ಕೇಳಿಕೊಂಡಳು. ಇಂಥದ್ದನ್ನು ಯಾರಿಗೆ ಹೇಳುವುದು? ಡೈರಿಯಲ್ಲಿ ಬರೆಯಲೂ ನಾಚಿಕೆ. ಮೊಣಕೈಗೆ ತೇಪೆ ಹಾಕಿದ ಬೂದು ಸ್ವೆಟರು. ಅಮ್ಮನಿಗೆ ಮಂಡಿಗೆ, ಸೊಂಟಕ್ಕೆ, ತಲೆಗೆ ಎಲ್ಲಕ್ಕೂ ಒಂದೇ ಮುಲಾಮು. ಹಚ್ಚಿದ ಕೈಯನ್ನು ಇದಕ್ಕೇ ಒರೆಸಿಕೊಳ್ಳುತ್ತಿದ್ದಳು. ಈಗ ಮಗಳು ಅದನ್ನು ಒಗೆಯದೆ, ಮನೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಕೆಲಸಕ್ಕೆ ಬರುವಾಗ ತೊಟ್ಟುಕೊಳ್ಳುತ್ತಿದ್ದಳು.

ಪ್ರಯೋಗಾಲಯದ ಬಾಗಿಲಲ್ಲೇ ಮಾವ ಸಿಕ್ಕರು. ಅವರು ಸಂಬಂಧದಲ್ಲಿ ಯಾರಿಗೂ ಮಾವನಲ್ಲ. ಯಂತ್ರ ನಡೆಸುವ ಹಿರಿಯರಾದ್ದರಿಂದ ಎಲ್ಲರ ಬಾಯಲ್ಲೂ ಮಾವ.

"ಏನು ಪುಟ್ಟಿ, ಅಮ್ಮ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ."

ರಜೆ ಮುಗಿಸಿ ಬಂದ ದಿನವೂ ಅವರು ಹೀಗೇ ಕೇಳಿದ್ದರು. ಹೇಳಬೇಕಿದ್ದ ಮಾತಿನ ಬದಲು ಈ ಮಾತು ಜಾರಿಬಿಟ್ಟಿತ್ತು. ಆಮೇಲೆ ತಿದ್ದಲು ಬಾಯಿ ಬರಲಿಲ್ಲ.

ಹಣ್ಣಿನಲ್ಲಿ ಕೀಟನಾಶಕ ಉಳಿದಿದೆಯೇ ಎಂದು ಹೇಳುವ ಹೊಸ ಯಂತ್ರಕ್ಕೆ ಮಾವ ಇಟ್ಟ ಹೆಸರು ಚಾಡಿಕೋರ. ಹಳೆಯದಕ್ಕೆ ಹಣ್ಣನ್ನು ಅರೆದು, ಸೋಸಿ, ದ್ರಾವಣ ಮಾಡಿ ಉಣಿಸಬೇಕಿತ್ತು. ಇದಕ್ಕೆ ಆ ಉಪಚಾರವೇ ಬೇಡ. ಸೇಬನ್ನು ಹಾಗೇ ಬಾಯಿಯ ಮುಂದೆ ಹಿಡಿದರೆ ಬಿಸಿ ಹೀಲಿಯಂ ಸಿಪ್ಪೆಯನ್ನು ಸವರುತ್ತದೆ. ಮೇಲೆದ್ದ ಅಣುಗಳು ವಿದ್ಯುತ್ತನ್ನು ಹೊತ್ತು ಒಳಗೆ ನುಗ್ಗುತ್ತವೆ. ಒಂದೊಂದೂ ತನ್ನ ತೂಕದ ಜಾಗದಲ್ಲಿ ಪರದೆಯ ಮೇಲೆ ಗೆರೆಯಾಗಿ ನಿಲ್ಲುತ್ತದೆ. ಬಾಯಿ ಸದಾ ತೆರೆದೇ ಇರುವುದರಿಂದ, ಪಕ್ಕದಲ್ಲಿ ನಿಂತವರು ತಿಂದದ್ದು, ಹಚ್ಚಿಕೊಂಡದ್ದು ಎಲ್ಲವನ್ನೂ ಹೇಳಿಬಿಡುತ್ತದೆ.

ಈಚೆಗೆ ಕೀಟನಾಶಕದ ಗೆರೆಗಳ ನಡುವೆ ಕರೆಯದೆ ಬಂದ ಗೆರೆಯೊಂದು ನಿಲ್ಲುತ್ತಿತ್ತು. ಸೇಬು ಇಡದಿದ್ದರೂ ನಿಲ್ಲುತ್ತಿತ್ತು. ನೋವಿನ ಮುಲಾಮು ಎಂದು ಎಲ್ಲರಿಗೂ ಗೊತ್ತಾಯಿತು. ಯಾರದ್ದೆಂದು ಅವಳಿಗೆ ಮಾತ್ರ ಗೊತ್ತಿತ್ತು. ಊಟದ ಹೊತ್ತಿನಲ್ಲಿ ಒಬ್ಬಳೇ ಇದ್ದಾಗ ತೋಳಿನ ಅಂಚನ್ನು ಚಾಡಿಕೋರನ ಮುಂದೆ ಹಿಡಿದಿದ್ದಳು. ಗೆರೆ ನೆಟ್ಟಗೆ ಮೇಲಕ್ಕೆದ್ದಿತ್ತು. ಇದೆ, ಇನ್ನೂ ಇದೆ. ಆಮೇಲೆ ಅದೊಂದು ಚಟವಾಯಿತು. ಹೋಗಿ ನೋಡಿದಾಗಲೆಲ್ಲ ಗೆರೆ ಕೊಂಚ ಕುಳ್ಳಗಾಗಿರುತ್ತಿತ್ತು.

ಅಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಬಂದವರೇ ಮಾವನ ಎದುರು ನಿಂತರು.

"ನಿಮ್ಮ ಮಂಡಿನೋವಿನ ಮುಲಾಮೇ ಅಲ್ವಾ ಇದು?"

"ಈ ಚಾಡಿಕೋರ ಬಂದ ದಿನದಿಂದ ಮುಲಾಮು ಮುಟ್ಟಿಲ್ಲ ಮೇಡಂ. ಹೆಂಡತಿ ಆಣೆಗೂ."

"ಆಣೆ ಹಾಕಿದ್ರೆ ಗೆರೆ ಹೋಗುತ್ತಾ? ವರದಿಗಳೆಲ್ಲ ನಿಂತುಹೋಗಿವೆ. ನಾಳೆಯಿಂದ ನೀವು ಸ್ಟೋರ್ ರೂಮ್ ನೋಡ್ಕೊಳ್ಳಿ."

ಮಾವ ನಗಲು ನೋಡಿದರು. "ನೋಡಿದ್ರಾ, ನಾನೇ ಸಾಕಿದ ಚಾಡಿಕೋರ, ನನ್ನ ಮೇಲೇ ಚಾಡಿ ಹೇಳ್ತಾನೆ!" ಯಾರೂ ನಗಲಿಲ್ಲ. ಅವರು ಅತ್ತ ತಿರುಗಿ, ತಮ್ಮ ಮೇಲೆ ತಮಗೇ ಅನುಮಾನ ಬಂದವರಂತೆ, ಮೆಲ್ಲಗೆ ಅಂಗೈ ಮೂಸಿಕೊಂಡರು.

ಅವಳು ಅದನ್ನು ನೋಡಿದಳು. ಹೇಳಿದರೆ ಸ್ವೆಟರನ್ನು ಮತ್ತೆ ಇಲ್ಲಿಗೆ ತರುವಂತಿಲ್ಲ. ಮೂಗಿಗೆ ಸಿಗದ ಅಮ್ಮ ಸಿಗುತ್ತಿದ್ದದ್ದು ಈ ಪರದೆಯ ಮೇಲೆ ಮಾತ್ರ. ಬಿಳಿ ಕೋಟಿನ ಗುಂಡಿ ಬಿಚ್ಚಿದಳು. ಯಂತ್ರದ ಬಾಯಿಗೆ ತೋಳು ಚಾಚಿದಳು. ಗೆರೆ ಎದ್ದಿತು, ಬೆಂಕಿಕಡ್ಡಿಯಷ್ಟು.

"ಮಾವನದ್ದಲ್ಲ ಮೇಡಂ. ಇದು ನಮ್ಮಮ್ಮನ ಸ್ವೆಟರು."

ಮೇಡಂ ಪರದೆಯನ್ನು ನೋಡಿದರು, ಅವಳನ್ನು ನೋಡಿದರು. ಮಾವ ಉಸಿರು ಬಿಟ್ಟು ಗದರಿದರು: "ಅಯ್ಯೋ ಹುಚ್ಚು ಹುಡುಗಿ! ಇಷ್ಟೇನಾ? ಮೊದಲು ಅಮ್ಮಂಗೆ ವಾಪಸ್ ಕೊಡು ಹೋಗು. ಪಾಪ, ಅವರಿಗೂ ಚಳಿ ಆಗಲ್ವಾ?"

ಅವಳು ತೋಳನ್ನು ಎದೆಗೆ ಎಳೆದುಕೊಂಡಳು.

"ಕೊಡೋಕಾಗಲ್ಲ ಮಾವ," ಎಂದಳು. "ಅಮ್ಮ ತೀರಿಕೊಂಡ್ರು."