ಮೇಲಿನ ಹರಕು ಎಲೆ

ವೀಳ್ಯದೆಲೆ ಮಾರುವವರೆಲ್ಲ ಕಟ್ಟಿನ ಮೇಲೆ ಒಳ್ಳೆಯ ಎಲೆ ಇಟ್ಟು, ಹರಿದದ್ದನ್ನು, ಚುಕ್ಕೆ ಬಿದ್ದದ್ದನ್ನು ಒಳಗೆ ಅಡಗಿಸುತ್ತಾರೆ. ಅದು ಲೋಕರೂಢಿ. ಚಾಮಯ್ಯನ ಹೆಂಡತಿ ಬೋರಮ್ಮನದು ಮಾತ್ರ ತಿರುಗುಮುರುಗು. ಹರಕು ಎಲೆ ಮೇಲೆ, ಎಳೆಯದು ಒಳಗೆ. "ಕೆಟ್ಟದ್ದು ಮೊದ್ಲು ಕಣ್ಣಿಗೆ ಬೀಳ್ಲಿ, ಆಮೇಲೆ ತಕರಾರಿರಾಕಿಲ್ಲ" ಎನ್ನುತ್ತಿದ್ದಳು. ಹನ್ನೊಂದು ವರ್ಷದಿಂದ ಹೇಳಿ ಹೇಳಿ ಚಾಮಯ್ಯನ ಬಾಯಿ ಒಣಗಿತ್ತು. ಗೋಡೆಗೆ ಹೇಳಿದ್ದರೆ ಅದಾದರೂ ಹೂಂಗುಟ್ಟುತ್ತಿತ್ತೇನೋ.

ಐವತ್ತಾರನೇ ಇಸವಿಯಲ್ಲಿ ಬೋರಮ್ಮನ ಹಳೆಯ ಗಿರಾಕಿ, ಯಾದವಗಿರಿಯ ಪ್ರೇಮಮ್ಮನವರ ಮಗಳಿಗೆ ಮದುವೆ ಗೊತ್ತಾಯಿತು. ಎಲೆಯನ್ನೆಲ್ಲ ಒಬ್ಬರ ಹತ್ತಿರವೇ ಕೊಳ್ಳುತ್ತೇವೆ, ಮೊದಲು ಹತ್ತು ಕಟ್ಟು ತಂದು ತೋರಿಸಿ ಎಂದಿದ್ದರು. ಮಾರ್ಕೆಟ್ಟಿನ ರುದ್ರಸ್ವಾಮಿ ಆಗಲೇ ತೋರಿಸಿ ಹೋಗಿದ್ದ. ಈ ವ್ಯಾಪಾರ ಕುದುರಿದರೆ ಸೋರುವ ಸೂರಿಗೆ ಹೊಸ ಹೆಂಚು. ಹರಕು ತೋರಿಸಿ ಯಾರಾದರೂ ಮದುವೆ ವ್ಯಾಪಾರ ಹಿಡಿದದ್ದುಂಟೇ? ಬೋರಮ್ಮ ನೀರಿಗೆ ಹೋದಾಗ ಚಾಮಯ್ಯ ಹತ್ತೂ ಕಟ್ಟು ಬಿಚ್ಚಿ, ಒಳ್ಳೆಯದನ್ನು ಮೇಲಿಟ್ಟು ಕಟ್ಟಿ, ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸಿಬಿಟ್ಟ.

ತಮ್ಮ ಜಗಲಿಯ ಮೇಲೆ ಇಳಿಸಿದ ಬುಟ್ಟಿಯ ಬಟ್ಟೆ ಸರಿಸಿ ಪ್ರೇಮಮ್ಮ ಬೆರಗಾದರು. "ಬೋರಮ್ಮ, ನಿನ್ನ ಕಟ್ಟಿನ ಮೇಲೇ ಇಷ್ಟು ಚೆನ್ನಾಗಿದ್ರೆ ಒಳಗೆ ಇನ್ನೆಷ್ಟು ಚೆನ್ನಾಗಿರಬೇಕು! ಬಿಚ್ಚೋದೇ ಬೇಡ. ಮದುವೆ ಎಲೆ ನಿನ್ನದೇ."

ಚಾಮಯ್ಯ ಹಿಗ್ಗಿ ಹೀರೇಕಾಯಿಯಾದ. ಬೋರಮ್ಮ ಕಟ್ಟನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

"ತಡೀರವ್ವಾ. ಇದು ನಾ ಕಟ್ಟಿದ್ದಲ್ಲ."

ಜಗಲಿಯ ಮೇಲೆಯೇ ಹತ್ತೂ ಕಟ್ಟು ಬಿಚ್ಚಿ, ಒಳಗಿದ್ದ ಹರಕನ್ನೆಲ್ಲ ಅವರ ಮುಂದೆ ಹರಡಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಚಾಮಯ್ಯನಿಗೆ ಅಳುವೇ ಬಂತು.

"ನಿನ್ ಸತ್ಯಕ್ಕಿಷ್ಟು ಬೆಂಕಿ ಹಾಕ! ಒಂದಿನ ಸುಮ್ಕಿದ್ದಿದ್ರೆ ನಿಮ್ಮಪ್ಪನ ಗಂಟು ಓಗ್ತಿತ್ತಾ?"

"ಬಿಚ್ಚದೇನೇ ನಂಬುದ್ರಲ್ಲ, ಅದೇ ಕಣಯ್ಯ ನನ್ ಗಂಟು. ಅದ್ನೇ ಕಳ್ದುಬುಡ್ತಿದ್ದೆ ನೀನು."

ಪ್ರೇಮಮ್ಮ ಹರಕು ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡಿ ಬುಟ್ಟಿಗೆ ಹಾಕಿದರು. ಆಮೇಲೆ, "ಎಲೆ ನೀನೇ ತಾ ಬೋರಮ್ಮ. ಚಾಮಯ್ಯ ಮಾತ್ರ ಕಟ್ಟಿಗೆ ಕೈ ಹಾಕಕೂಡದು" ಎಂದರು.

ಮದುವೆಯ ಹಿಂದಿನ ದಿನ ಬೋರಮ್ಮ ಎಲೆ ಜೋಡಿಸುತ್ತಿದ್ದಳು. ಪಕ್ಕದಲ್ಲಿ ಚಾಮಯ್ಯ ಕೈಕಟ್ಟಿ ಕೂತಿದ್ದ. ತೋಟದವನು ಅಂದು ಕೊಟ್ಟದ್ದರಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಚೆನ್ನಾಗಿರುವುದೇ ಮೇಲೆ ಬಂದರೆ ಪ್ರೇಮಮ್ಮ ಮತ್ತೆ ತನ್ನನ್ನೇ ಅನುಮಾನಿಸುವುದಿಲ್ಲವೇ?

"ಮೇಲಿಡಾಕೆ ಒಂದೂ ಹರಕಿಲ್ವಲ್ಲೇ," ಎಂದು ಗೋಗರೆದ. "ನಾನೇ ನಾಕು ಹರ್ದು ಕೊಡ್ಲಾ?"

ಬೋರಮ್ಮ ತಲೆ ಎತ್ತಲಿಲ್ಲ. "ಅದೂ ಸುಳ್ಳೇ ಕಣಯ್ಯ."

ಚಾಮಯ್ಯ ಹಣೆ ಚಚ್ಚಿಕೊಂಡ.