ಬಾಲವಾಡಿಯ ತುತ್ತು

“ಎಬ್ಬಸ ಆ ಸಿಂಬಳಬುರುಕ ಹುಡುಗೀನ್ನ! ನನ್ನ ಮೊಮ್ಮಗ ಕುಂಡ್ರೂ ಚಾಪಿಮ್ಯಾಲ ಕುಂಡ್ರಸೀಯಲ್ಲ, ಕಣ್ಣ ಹೋಗ್ಯಾವೇನ ರಂಡಿ?”

ಸಂಗನಗೌಡರು ಬಾಲವಾಡಿಯ ಹೊಸ್ತಿಲಲ್ಲಿ ಕೆರ ಮೆಟ್ಟಿಕೊಂಡೇ ನಿಂತಿದ್ದರು. ಎದುರಿಗೆ ಆಯಾ ಮರಿಯವ್ವ. ಪಾಟಿಯ ಮೇಲೆ ‘ಅ’ ತಿದ್ದುತ್ತಿದ್ದ ಅವಳ ನಾಲ್ಕು ವರ್ಷದ ಮಗಳು ಅಮೃತವ್ವ ಬಳಪ ಬಾಯಿಗಿಟ್ಟುಕೊಂಡು ಗೌಡರ ಮೀಸೆಯನ್ನೇ ನೋಡಿದಳು.

“ಗೌಡ್ರ, ಇದು ಎಲ್ಲಾ ಕೂಸುಗಳ ಚಾಪಿ ರಿ. ಫಾದರ್ ತಂದಾರ.”

“ಏಸು ತಂದ್ರೂ ಅಷ್ಟ. ಕಿರಸ್ತಾನ್ರಾದ್ರ ಹೊಲಗೇರಿ ವಾಸನಿ ಹೋಗತೈತೇನು?”

ಮುಂಡರಗಿಯಿಂದ ಆ ಊರಿಗೆ ಇನ್ನೂ ಬಸ್ಸು ಬಾರದ ಕಾಲ, ಎಮರ್ಜೆನ್ಸಿ ಮುಗಿದ ವರ್ಷ. ಕಪ್ಪತಗುಡ್ಡದ ಕಲ್ಲು ತಲೆಯ ಮೇಲೆ ಹೊತ್ತು ತಂದು ಶಾಲೆಯ ಗೋಡೆ ಎಬ್ಬಿಸಿದವರು ಮರಿಯವ್ವನ ಕೇರಿಯವರು. ಆಗ ಊರೊಳಗಿನವರು ಮೂಗು ಮುಚ್ಚಿಕೊಂಡು ಅತ್ತ ಹಾಯುತ್ತಿದ್ದರು. ಸಿಸ್ಟರು ಮಕ್ಕಳಿಗೆ ಇಂಗ್ಲಿಷ್ ಹಾಡು ಕಲಿಸುತ್ತಾರೆಂಬ ಖಬರು ಹಬ್ಬಿದ ಮೇಲೆ ಆ ಮೂಗುಗಳೆಲ್ಲ ತಾವಾಗಿ ಬಿಚ್ಚಿಕೊಂಡವು.

ಫಾದರ್ ಬಂದು ಗೌಡರನ್ನು ಹೊರಗೆ ಅಟ್ಟುತ್ತಾರೆಂದು ಮರಿಯವ್ವ ಕಾದಳು. ಫಾದರ್ ಬಂದರು; ಕುರ್ಚಿ ತರಿಸಿದರು, ಚಹಾ ಕೊಟ್ಟರು. ಆಮೇಲೆ ಅವಳನ್ನು ಏಸುವಿನ ಗುಡಿಯ ಹಿಂದೆ ಕರೆದರು. ಅವರದು ಮಂಗಳೂರು ಕಡೆಯ ಮೆತ್ತನೆಯ ಮಾತು.

“ಸ್ವಲ್ಪ ತಾಳ್ಮೆ ಬೇಕು ಮರಿಯವ್ವ. ಗೌಡರು ಶಾಲೆಗೆ ಬಾವಿ ತೋಡಲು ಜಾಗ ಕೊಡ್ತಾರಂತೆ. ನಮ್ಮ ಮಕ್ಕಳು ಪಡಸಾಲೆಯಲ್ಲಿ ಕೂತರೆ ಏನಾಯ್ತು? ಎಲ್ಲಿ ಕೂತರೂ ಅಕ್ಷರ ಅಕ್ಷರವೇ.”

“ಹಂಗಾರ ಗೌಡ್ರ ಮೊಮ್ಮಗನ್ನ ಪಡಸಾಲ್ಯಾಗ ಕುಂಡ್ರಸ್ರಿ. ಅಲ್ಲೂ ಅಕ್ಷರ ಅಕ್ಷರನ ಅಲ್ರಿ?”

“ಅಹಂಕಾರ ಪಾಪ,” ಎಂದರು ಫಾದರ್, ಜಪಸರ ತಿರುವುತ್ತ.

ಕೇರಿಯ ಮಕ್ಕಳು ಹೊರಗಾದರು. ಮರಿಯವ್ವ ಮಾಡುತ್ತಿದ್ದ ಅಡುಗೆಗೆ ಗೌಡರ ಓಣಿಯ ಹೆಂಗಸು ಬಂದಳು. ಮರಿಯವ್ವ ಒಲೆಯ ಹತ್ತಿರ ಸುಳಿಯುವಂತಿಲ್ಲ. ಕೂಸುಗಳ ಕುಂಡಿ ತೊಳೆಯುವ ಕೆಲಸ ಮಾತ್ರ ಅವಳಿಗೇ ಉಳಿಯಿತು. ಅದನ್ನು ಕೇಳಿಕೊಂಡು ಯಾವ ಓಣಿಯವರೂ ಬರಲಿಲ್ಲ. ಒಳಗೆ ಹಾಡು ಶುರುವಾದರೆ ಅಮೃತವ್ವ ಕಿಟಕಿಯ ಸರಳು ಹಿಡಿದು ಸಿಸ್ಟರ ತುಟಿ ನೋಡುತ್ತ ಬಾಯಿ ಆಡಿಸುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಮರಿಯವ್ವನಿಗೆ, ದೇವರ ಮುಂದೆ ಎಲ್ಲರೂ ಒಂದೇ ಎಂದು ಫಾದರ್ ಭಾನುವಾರ ಗುಡಿಯಲ್ಲಿ ಹೇಳುವ ಪ್ರಸಂಗ ನೆನಪಾಗಿ ಉಗುಳುವಂತಾಗುತ್ತಿತ್ತು.

ಒಂದು ಮಧ್ಯಾಹ್ನ ಗೌಡರು ಮೊಮ್ಮಗನ ಹಾಡು ಕೇಳಲು ಬಂದರು. ಮೂರು ವರ್ಷದ ಆ ಹುಡುಗ ಎದ್ದು ನಿಂತವನೇ, ಅಜ್ಜನ ಮೀಸೆ ಕಂಡು, ಚಡ್ಡಿಯಲ್ಲೇ ಮಾಡಿಕೊಂಡು ಅಳತೊಡಗಿದ. ಸಿಸ್ಟರು ಸೆರಗು ಮೂಗಿಗಿಟ್ಟರು. ಗೌಡರು ಎರಡು ಹೆಜ್ಜೆ ಹಿಂದೆ ಸರಿದರು.

“ಮರಿಯವ್ವಾ, ಬೇಗ ಬಾ!” ಫಾದರ್ ಕೂಗಿದರು.

ಅವಳು ಹುಡುಗನನ್ನು ಎತ್ತಿಕೊಂಡು ಹೋಗಿ ತೊಳೆದಳು. ಅವನ ತಪ್ಪೇನಿತ್ತು? ಅವನು ಅವಳ ಕೊರಳು ತಬ್ಬಿಕೊಂಡು ಬಿಕ್ಕುತ್ತ, “ಹಸಿವು,” ಎಂದ.

ಮರಿಯವ್ವ ಬೂದಿ ಹಚ್ಚಿ ಕೈ ತಿಕ್ಕಿಕೊಂಡಳು. ಪಡಸಾಲೆಯ ಮಕ್ಕಳಿಗೆಂದು ಅಡುಗೆಯಾಕೆ ದೂರದಲ್ಲಿ ಇಟ್ಟುಹೋಗಿದ್ದ ಬೋಗುಣಿಯಿಂದ ಉಪ್ಪಿಟ್ಟಿನ ತುತ್ತು ಮಾಡಿ ಅವನ ಬಾಯಿಗಿಟ್ಟಳು.

“ಏ ಬೋಸುಡಿ! ಉಗಳಸ ಅದನ್ನ!”

ಗೌಡರು ಓಡಿಬಂದು ಮೊಮ್ಮಗನ ಬಾಯಿಗೆ ಬೆರಳು ಹಾಕಿದರು. ಹುಡುಗ ಕಚ್ಚಿದ. ತುತ್ತು ನುಂಗಿ, ಮರಿಯವ್ವನ ಕಡೆ ತಿರುಗಿ ಮತ್ತೆ ಬಾಯಿ ತೆರೆದ.

“ಇದ ಕೈ ರೀ ಗೌಡ್ರ, ಈಗ ತೊಳದದ್ದು,” ಎಂದಳು ಅವಳು ಇನ್ನೊಂದು ತುತ್ತು ಇಡುತ್ತ. “ನಿಮ್ಮ ವಂಶದ ಕುಂಡಿಗೆ ನಡೀತೈತಿ. ಬಾಯಿಗೆ ಯಾಕ ನಡ್ಯಾಂಗಿಲ್ಲ?”

ಫಾದರಿನ ಮುಖ ಕೆಂಪಗಾಯಿತು. “ನಾಳೆಯಿಂದ ನೀನು ಬರಬೇಡ ಮರಿಯವ್ವ.”

“ಆತು.”

ಅವಳು ಹುಡುಗನನ್ನು ಕೆಳಗಿಳಿಸಿ ಬೋಗುಣಿ ಸೊಂಟಕ್ಕಿಟ್ಟುಕೊಂಡಳು. ಪಡಸಾಲೆಯತ್ತ ತಿರುಗಿ ಕರೆದಳು: “ಏಳ್ರವ್ವ, ಏಳ್ರಪ್ಪ. ಒಳಗ ನಡೀರಿ, ಚಾಪಿಮ್ಯಾಲ ಕುಂತ ಉಣ್ರಿ.”

ಗೌಡರು ಬಾಗಿಲಿಗೆ ಅಡ್ಡ ಬಂದು ಚೌಕಟ್ಟಿನ ಎರಡೂ ಬದಿಗೆ ಕೈ ಚಾಚಿ ನಿಂತರು. “ಒಳಗ ಕಾಲಿಟ್ರ ಕಾಲ ಮುರೀತೀನಿ!”

“ಸರೀರಿ. ನಾಳಿ ಮಾತು ನಾಳಿಗಾತು. ಇವತ್ತ ಕೂಸುಗಳು ಇನ್ನೂ ಉಂಡಿಲ್ಲ.”

ಗೌಡರು ಸರಿಯಲಿಲ್ಲ. ಅಮೃತವ್ವ ತಾಯಿಯ ಮುಖ ನೋಡಿದಳು. ಆಮೇಲೆ ತಲೆ ಬಗ್ಗಿಸಿ, ಗೌಡರ ತೋಳಿನ ಕೆಳಗಿಂದ, ಅವರ ಬಿಳಿ ದೋತರಕ್ಕೆ ಮೈ ಉಜ್ಜಿಕೊಂಡೇ ಒಳಗೆ ನುಸುಳಿದಳು. ಅವಳ ಹಿಂದೆ ಉಳಿದವರೂ.